ದರ್ಜಿ ಅಂಗಡಿಯಲ್ಲಿ ಸದ್ದು ಮಾಡಬಾರದು

ದರ್ಜಿ ಹೊಲಿಗೆಯ ನಡುನಡುವೆ, ದಾರದ ಡಬ್ಬಕ್ಕೆ ಮೊಬೈಲು ಆನಿಸಿಟ್ಟು ಊರ ಗ್ರಂಥಾಲಯದ ಜಾಲತಾಣದಲ್ಲಿ ಪತ್ತೇದಾರಿ ಕಾದಂಬರಿ ಓದುತ್ತಿದ್ದ. ಪುಕ್ಕಟೆ ಪುಸ್ತಕ. ಕೊಲೆಗಾರ ಯಾರೆಂದು ತಿಳಿಯಲು ಹನ್ನೊಂದು ಪುಟ ಬಾಕಿಯಿದ್ದಾಗ ಗ್ರಂಥಾಲಯದ ಮೇಲ್ವಿಚಾರಕರು ಒಳಗೆ ಬಂದು, ಗೋಡೆಗೆ 'ಸದ್ದು ಮಾಡಬಾರದು' ಎಂಬ ಫಲಕ ನೇತುಹಾಕಿದರು.

"ಏನ್ ಸಾರ್ ಇದು?"

"ಮೆಲ್ಲಗೆ! ನಮ್ಮ ಪುಸ್ತಕ ಎಲ್ಲಿ ತೆರೆದಿರುತ್ತೋ ಅಲ್ಲೆಲ್ಲ ಗ್ರಂಥಾಲಯವೇ. ಹೊಸ ನಿಯಮ."

"ಮತ್ತೆ ಹೊಲಿಗೆ ಮೆಷಿನ್ನು?"

"ಹೊರಗೆ ಕಳಿಸಿ."

ಪುಸ್ತಕ ಮುಚ್ಚಿದ್ದರೆ ಮುಗಿಯುತ್ತಿತ್ತು. ಆದರೆ ಇನ್ನು ಹನ್ನೊಂದೇ ಪುಟ! ದರ್ಜಿ ಮೆಷಿನ್ನನ್ನು ಬೀದಿಗೆ ಎಳೆದಿಟ್ಟು ಬಂದ. ಗಿರಾಕಿಗಳು ಸೊಂಟದ ಅಳತೆಯನ್ನು ಬೆರಳಲ್ಲೇ ತೋರಿಸಿ ಹೋದರು.

ಅಷ್ಟರಲ್ಲಿ ಅವನ ಅಕ್ಕ ಒಂದು ಪ್ಯಾಂಟು ಹಿಡಿದು ಬಂದಳು. ತಮ್ಮನೇ ಹೊಲಿದ ಆ ಪ್ಯಾಂಟು ಎಷ್ಟು ಬಿಗಿಯಾಗಿತ್ತೆಂದರೆ, ಅವಳ ಗಂಡ ತನ್ನದೇ ನಿವೃತ್ತಿಯ ಸಮಾರಂಭದಲ್ಲಿ ಕೂರಲಾಗದೆ ಎರಡು ಗಂಟೆ ನಿಂತೇ ಇದ್ದರು.

"ಏನೋ, ನಿನ್ನ ಕೈಗೆ..." ಎನ್ನುವಷ್ಟರಲ್ಲಿ ಮೇಲ್ವಿಚಾರಕರು ತುಟಿಗೆ ಬೆರಳಿಟ್ಟರು.

"ಜಗಳ ಆಡ್ಬೇಕು ಸಾರ್. ಅದಕ್ಕೇ ಬಂದಿರೋದು."

"ಬರೆದು ಆಡಿ ತಾಯಿ."

ಅಕ್ಕ ಬಟ್ಟೆಯ ಅಳತೆ ಗುರುತಿಸುವ ಕಂದು ಕಾಗದ ಎಳೆದುಕೊಂಡು ಕೂತಳು. ಪ್ಯಾಂಟಿನಿಂದ ಶುರುವಾದ ಜಗಳ ಚಿಕ್ಕಂದಿನವರೆಗೂ ಹೋಯಿತು. ತಮ್ಮನ ಕೈಯಲ್ಲಿ ಮುರಿದ ಕೊಡೆ, ಅದಕ್ಕೆ ಅವನ ಬದಲು ತಾನು ತಿಂದ ಪೆಟ್ಟು, ಎಲ್ಲವೂ ಬಂತು. ದರ್ಜಿಯ ಕಾದಂಬರಿ ಮುಗಿದರೂ ಅವಳದು ಮುಗಿಯಲಿಲ್ಲ. ಕೊನೆಗೆ ಮೇಲ್ವಿಚಾರಕರು ಅದನ್ನು ಓದಿ ಕಣ್ಣೊರೆಸಿಕೊಂಡರು.

"ಜಾಲತಾಣಕ್ಕೆ ಹಾಕ್ಲಾ?"

"ಹಾಕಿ ಸಾರ್, ಇವನ ಬಂಡವಾಳ ಊರಿಗೇ ಗೊತ್ತಾಗ್ಲಿ."

ವಾರದೊಳಗೆ ನಾನೂರು ಜನ ಓದಿದರು. ದರ್ಜಿಯೂ ಓದಿದ. ಕೊಡೆಯ ಪುಟವನ್ನು ಎರಡು ಸಲ ಓದಿದ. ಆ ಪೆಟ್ಟಿನ ವಿಷಯ ಅವನಿಗೆ ಗೊತ್ತೇ ಇರಲಿಲ್ಲ. ಭಾವನ ಪ್ಯಾಂಟನ್ನು ಬಿಚ್ಚಿ, ಸಡಿಲ ಮಾಡಿ ಹೊಲಿದು, ಇಸ್ತ್ರಿ ಹಾಕಿ ಅಕ್ಕನ ಮನೆಗೆ ಒಯ್ದ.

"ತಪ್ಪಾಯ್ತು ಕಣಕ್ಕಾ."

ಅಕ್ಕನ ಕಣ್ಣು ಒಂದು ಗಳಿಗೆ ತುಂಬಿ ಬಂತು. ಮರುಗಳಿಗೆ ತಲೆ ಚಚ್ಚಿಕೊಂಡಳು.

"ಅಯ್ಯೋ, ಈಗ ರಾಜಿ ಆಗೋಕೆ ಬಂದ್ಯಾ? ಜನ ಎರಡನೇ ಭಾಗ ಕೇಳ್ತಿದಾರೆ ಕಣೋ! ತಗೋ, ಭಾವನ ಕೋಟು. ಏನಾದ್ರೂ ಹಾಳು ಮಾಡ್ಕೊಂಡು ಬಾ."

ದರ್ಜಿ ಕೋಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿದ. ಮೇಲಿನ ಕಿಟಕಿಯಿಂದ ಭಾವ ಕೂಗಿಕೊಂಡರು:

"ತೋಳಿಗೆ ಮಾತ್ರ ಕೈ ಹಾಕ್ಬೇಡಯ್ಯಾ, ಊಟಕ್ಕೆ ಕೈ ಎತ್ತೋಕಾಗ್ಬೇಕು!"