ಮುಕ್ಕಾಲು ಕೇಜಿಯ ನೀಲಿ ಚೀಲ

ಅಂತರಸಂತೆಯ ಸಂಘಮಿತ್ರ ಚಾರಣದ ತಂಡಕ್ಕೆ ಅಡುಗೆಯವಳಾಗಿ ಸೇರಿದ ಮೇಲೆ, ಬೆಟ್ಟದಲ್ಲಿ ರಾತ್ರಿ ತಂಗುವುದಕ್ಕೆ ಅವಳಿಗೂ ಒಂದು ಸ್ಲೀಪಿಂಗ್ ಬ್ಯಾಗ್ ಬೇಕಾಯಿತು. ಪಾತ್ರೆ, ಅಕ್ಕಿ ಹೊತ್ತ ಬೆನ್ನು ಕಂಬಳಿಯ ಭಾರ ತಡೆಯುತ್ತಿರಲಿಲ್ಲ. ಇಬ್ಬನಿಗೆ ನೆನೆದರಂತೂ ಎರಡರಷ್ಟು ತೂಕ. ತಂಡದ ಗೈಡ್ ಸಿಂಧು ಅವಳನ್ನು ಹುಣಸೂರಿನ ಅಂಗಡಿಯೊಂದಕ್ಕೆ ಕರೆದುಕೊಂಡು ಹೋದಳು.

ಅಂಗಡಿಯ ಕಾಂತರಾಜ್ ನೀಲಿ ಚೀಲವೊಂದನ್ನು ಚಾಪೆಯ ಮೇಲೆ ಬಿಡಿಸಿದ. "ಮುಕ್ಕಾಲ್ ಕೇಜಿ ಕಣಕ್ಕ. ಸುತ್ತಿದ್ರೆ ಚೊಂಬಿನ್ ಗಾತ್ರ ಆಯ್ತದೆ. ತಲೇನೂ ಮುಚ್ಕಬೋದು. ಮಲ್ಗಿ ನೋಡಿ."

ಅವಳು ಒಳಗೆ ಕಾಲು ತೂರಿಸಿ ಮಲಗಿದಳು. ಸಿಂಧು ಜಿಪ್ಪನ್ನು ಗಲ್ಲದವರೆಗೆ ಎಳೆದಳು. ಆ ಸದ್ದಿಗೆ ಸಂಘಮಿತ್ರಳ ಮೈ ಕಲ್ಲಾಯಿತು. ಹೋದ ವರ್ಷ, ಫಾರೆಸ್ಟ್ ವಾಚರ್ ಆಗಿದ್ದ ಅವಳ ಗಂಡ ಶಂಕರನನ್ನು ಆನೆ ತುಳಿದು ಕೊಂದಾಗ, ಇಂಥದೇ ಜಿಪ್ಪಿನ ಚೀಲದಲ್ಲಿ ಮನೆಗೆ ತಂದಿದ್ದರು. ಮುಖ ತೋರಿಸಿ ಎಂದು ಗೋಗರೆದರೂ ಯಾರೂ ಜಿಪ್ ತೆಗೆದಿರಲಿಲ್ಲ. ಈಗ ಬಟ್ಟೆಯೊಳಗೆ, ಕಿವಿಯ ಪಕ್ಕದಲ್ಲೇ, ಯಾರೋ ನಿಧಾನವಾಗಿ ಉಸಿರು ಬಿಟ್ಟರು. ಶಂಕರ ಸೇದುತ್ತಿದ್ದ ಬೀಡಿಯ ವಾಸನೆ ಬಂತು.

"ಇದು ಬ್ಯಾಡ," ಎಂದು ಎದ್ದುಬಿಟ್ಟಳು. ಪೂರ್ತಿ ಬಿಚ್ಚಿ ರಗ್ಗಿನಂತೆ ಹೊದೆಯಬಹುದಾದ, ಕೊಂಚ ಭಾರದ ಇನ್ನೊಂದನ್ನು ಆರಿಸಿಕೊಂಡಳು. ನೀಲಿಯದು ಸಿಂಧುವಿಗೇ ಹಿಡಿಸಿ, ಅವಳೇ ಕೊಂಡಳು. ಸಂಘಮಿತ್ರ ತಡೆಯಲಿಲ್ಲ. ಏನೆಂದು ಹೇಳುವುದು?

ಆ ವಾರವೇ ಬೆಟ್ಟ ಹತ್ತಿದರು. ಬೆಳಗ್ಗೆ ಟೀಗೆ ನೀರಿಡಲು ಎದ್ದ ಸಂಘಮಿತ್ರಳಿಗೆ, ಮಂಜಿನಲ್ಲಿ ಸಾಲಾಗಿ ಮಲಗಿದ್ದವರ ಮುಖಗಳೆಲ್ಲ ಕಂಡವು. ನೀಲಿ ಚೀಲವೊಂದೇ ಪೂರ್ತಿ ಮುಚ್ಚಿತ್ತು. ಮಂಡಿಯೂರಿ ಜಿಪ್ ಎಳೆದಳು. ಸಿಂಧು ಕಣ್ಣು ಬಿಟ್ಟುಕೊಂಡೇ ಇದ್ದಳು.

"ಅಕ್ಕ, ರಾತ್ರಿ ನನ್ ಪಕ್ಕ ಯಾರ್ ಮಲಗಿದ್ರು? ಉಸಿರು ಕಿವಿ ತಾವೇ ಕೇಳುಸ್ತಿತ್ತು. ಒಂದ್ಸಲ 'ಸಂಗೂ' ಅಂದಂಗಾಯ್ತು."

ತನ್ನನ್ನು ಹಾಗೆ ಕರೆಯುತ್ತಿದ್ದವನು ಶಂಕರನೊಬ್ಬನೇ. ಸಂಘಮಿತ್ರ ಜಿಪ್ಪನ್ನು ಕೊನೆಯವರೆಗೂ ಬಿಚ್ಚಿದಳು.

"ಬುಡು. ಇವತ್ತು ನನ್ದು ನೀ ತಗೊ. ಅದ್ನ ನಂಗ್ ಕೊಡು."

ಮುಂದಿನ ತಂಗುದಾಣದಲ್ಲಿ ಅವಳೇ ನೀಲಿ ಚೀಲದೊಳಗೆ ಸರಿದು, ಜಿಪ್ಪನ್ನು ತಲೆಯವರೆಗೂ ಎಳೆದುಕೊಂಡಳು. ಹೆದರಿಕೆ ಇರಲಿಲ್ಲವೆಂದಲ್ಲ. ಆದರೂ, ಅಂದು ನೋಡಲಾಗದೆ ಕಳಿಸಿದವನನ್ನು ಅಂಗಡಿಯಲ್ಲಿ ಮತ್ತೊಮ್ಮೆ ಬಿಟ್ಟುಬಂದೆನಲ್ಲ ಎಂಬುದು ಹೆದರಿಕೆಗಿಂತ ದೊಡ್ಡದಾಗಿತ್ತು.

"ಇಲ್ಲೇ ಇವ್ನಿ ಕಣ್ರೀ," ಎಂದು ಪಿಸುಗುಟ್ಟಿದಳು.

ತನ್ನ ಉಸಿರೊಂದು ಬಿಟ್ಟು ಬೇರೇನೂ ಕೇಳಲಿಲ್ಲ. ಅದನ್ನೂ ಬಿಗಿಹಿಡಿದು ಕಿವಿಗೊಟ್ಟಳು.