ಚಿತ್ರದ ಮೇಲೆ ಅಂಗೈ

ರಾವೂರಿನ ಖಣಿ ಕೇರಿಯಲ್ಲಿ ಸಾಬಮ್ಮನಷ್ಟು ಜೋರಾಗಿ ಪಾಠ ಓದುವ ಹುಡುಗಿ ಇನ್ನೊಬ್ಬಳಿರಲಿಲ್ಲ. ದನ ಮನೆಗೆ ತಿರುಗುವ ಹೊತ್ತಿಗೆ ಅವಳು ಹೊಸ್ತಿಲ ಮೇಲೆ ಕುಳಿತು ಪುಸ್ತಕ ಬಿಚ್ಚಿದಳೆಂದರೆ ಎದುರು ಮನೆಯವರಿಗೂ ಪಾಠ ಬಾಯಿಗೆ ಬರಬೇಕು. ತಾಯಿ ಶಿವಕಾಂತಮ್ಮ ಒಳಗೆ ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು. ಅಕ್ಷರವೆಂದರೆ ಏನೆಂದೇ ಅರಿಯದವಳು ಅವಳು. ಮಗಳ ದನಿ ಎಲ್ಲೂ ನಿಲ್ಲದೆ ಹರಿದರೆ ಓದು ಬಂದಂತೆ, ತಡವರಿಸಿದರೆ ಬಾರದಂತೆ. ಎಲ್ಲಾದರೂ ತಡೆದರೆ ಮತ್ತೊಮ್ಮೆ ಅನ್ನು ಎಂದು ಒಳಗಿನಿಂದಲೇ ಕೂಗುವಳು. ತನ್ನಿಂದಾಗುವ ಸಹಾಯ ಅಷ್ಟೇ ಎಂದು ತಿಳಿದಿದ್ದಳು.

ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದವಳು ಮಗಳ ಹೆಗಲ ಮೇಲಿಂದ ಬಗ್ಗಿ ನೋಡಿದಳು. ಸಾಬಮ್ಮ ಆಕಳ ಪಾಠ ಹೇಳುತ್ತಿದ್ದಳು. ಅದರ ಕೊಂಬು, ಅದರ ಬಾಲ, ಅದು ಕೊಡುವ ಹಾಲು. ಬಿಚ್ಚಿದ ಹಾಳೆಯಲ್ಲಿ ಮಾತ್ರ ಒಂದು ದೋಣಿ ಇತ್ತು. ಕಾಗಿಣಾ ನದಿಯ ದಂಡೆಯಲ್ಲಿ ಹುಟ್ಟಿದ ಶಿವಕಾಂತಮ್ಮನಿಗೆ ದೋಣಿಯ ಗುರುತು ತಪ್ಪುವುದುಂಟೇ?

"ಸಾಬವ್ವ, ಇದರಾಗ ಆಕಳ ಎಲ್ಲದ?"

ಹುಡುಗಿ ಹಾಳೆ ತಿರುವಿ ಆಕಳ ಚಿತ್ರ ಹುಡುಕಿ, ನಿಲ್ಲಿಸಿದಲ್ಲಿಂದಲೇ ಮುಂದುವರಿಸಿದಳು. ಶಿವಕಾಂತಮ್ಮ ಪಕ್ಕದಲ್ಲಿ ಕುಳಿತು ಇನ್ನೊಂದು ಹಾಳೆ ತೆಗೆದಳು. ಅದರ ಚಿತ್ರದ ಮೇಲೆ ಅಂಗೈ ಇಟ್ಟು ಮುಚ್ಚಿದಳು.

"ಈಗ ಓದು."

ಸಾಬಮ್ಮ ತಾಯಿಯ ಕೈಯನ್ನೇ ನೋಡುತ್ತ ಕುಳಿತಳು.

"ಕೈ ತಗಿ ಯವ್ವಾ. ತಗದ್ರ ಹೇಳ್ತೀನಿ."

ಒಳಗಿನಿಂದ ಹಂಚಿನ ಮೇಲಿನ ರೊಟ್ಟಿ ಸೀಯುವ ವಾಸನೆ ಬಂತು. ಶಿವಕಾಂತಮ್ಮ ಏಳಲಿಲ್ಲ.

ಸಾಬಮ್ಮ ಹೋದ ವರ್ಷ ಒಂದನೇ ಇಯತ್ತೆಯಲ್ಲೇ ಉಳಿದಿದ್ದಳು. ನಿಜಾಮನ ರಾಜ್ಯ ಹೋಗಿ ಶಾಲೆ ಕನ್ನಡಕ್ಕೆ ತಿರುಗಿದ ಮೇಲೆ ಹೊಸ ಕಟ್ಟಳೆ ಬಂದಿತ್ತು. ಯುಗಾದಿಗೆ ಮೊದಲು ಚಿತ್ತಾಪುರದಿಂದ ಶಾಲೆ ತನಿಖೆಯ ಸಾಹೇಬರು ಬರುತ್ತಾರೆ, ಮಕ್ಕಳು ಕಂಡಿರದ ಪುಸ್ತಕದಿಂದ ನಾಲ್ಕು ಸಾಲು ಓದಿಸುತ್ತಾರೆ, ಓದಿದವರು ಮುಂದಕ್ಕೆ. ಎರಡನೆಯ ಸಲವೂ ಉಳಿದರೆ ಶಾಲೆ ಬಿಡಿಸುವುದೆಂದು ಮನೆಯಲ್ಲಿ ಆಗಲೇ ತೀರ್ಮಾನವಾಗಿತ್ತು. ಐನಾಪುರದ ನಾದಿನಿ ಹಡೆದಿದ್ದಳು, ತೊಟ್ಟಿಲು ತೂಗಲು ಹುಡುಗಿ ಬೇಕಿತ್ತು. ಅತ್ತೆ ಭೀಮಮ್ಮ ದಿನಕ್ಕೊಮ್ಮೆ ಅದನ್ನು ನೆನಪಿಸುತ್ತಿದ್ದಳು, ಗಂಡ ಭೀಮಶಾ ಹೂಂ ಎನ್ನುತ್ತಿದ್ದ. ಶಿವಕಾಂತಮ್ಮನಿಗೆ ಆ ದಾರಿ ಗೊತ್ತಿತ್ತು. ಅವಳೂ ಅದೇ ವಯಸ್ಸಿನಲ್ಲಿ ತೊಟ್ಟಿಲು ತೂಗಲೆಂದು ಗುಂಡಗುರ್ತಿಗೆ ಹೋದವಳು. ಅಲ್ಲಿಂದ ನೇರ ಮದುವೆಯ ಹಂದರದ ಕೆಳಗೆ ಬಂದು ನಿಂತಳೇ ಹೊರತು ತೌರಿಗೆ ತಿರುಗಿ ಬರಲಿಲ್ಲ.

ಮರುದಿನ ಖಣಿಗೆ ಹೋಗುವ ನೆವದಲ್ಲಿ ಶಾಲೆಯ ಕಡೆ ನಡೆದಳು. ಆ ಕಟ್ಟೆ ಹತ್ತಿದ್ದು ಅದೇ ಮೊದಲು. ಶೌಕತ ಅಲಿ ಮಾಸ್ತರರು ಒಬ್ಬರೇ ಇದ್ದರು. ಕಂಬದ ಮರೆಯಲ್ಲಿ ನಿಂತು, ಸೆರಗಿನ ತುದಿ ಸುತ್ತುತ್ತ ಬಿಚ್ಚುತ್ತ, ನಡೆದದ್ದನ್ನು ಹೇಳಿದಳು. ಬೈಯುತ್ತಾರೆ, ಇಂದೇ ಹೆಸರು ತೆಗೆಯುತ್ತಾರೆ ಎಂದು ಕಾದಳು. ಮಾಸ್ತರರು ಮೊದಲು ಬಾಗಿಲ ಕಡೆ ನೋಡಿದರು, ಇದನ್ನು ಬೇರೆ ಯಾರಿಗಾದರೂ ಹೇಳಿದ್ದೀಯೇನು ಎಂದು ಕೇಳಿದರು. ಅವರೂ ಹೆದರಿದ್ದನ್ನು ಕಂಡು ಶಿವಕಾಂತಮ್ಮನ ಭಯ ಇಮ್ಮಡಿಯಾಯಿತು.

"ನಾ ಉರ್ದು ಸಾಲ್ಯಾಗ ಕಲ್ತಾಂವ ತಂಗಿ," ಎಂದರು. "ಕನ್ನಡ ಮಾತು ಹುಟ್ಟಿದಾಗಿಂದ ಬರ್ತದ, ಓದ್ಲಿಕ್ಕಿ ಹೋದ ವರ್ಷ ಕಲ್ತೀನಿ. ನಾ ತಡವರಿಸೂದು ಹುಡುಗ್ರಿಗಿ ಕಾಣಬಾರ್ದಂತ ಪಾಠ ಎಲ್ಲಾ ಬಾಯಿಲೇ ಅನಸ್ದೆ. ನಂಗೂ ಕಲಬುರಗ್ಯಾಗ ಪರೀಕ್ಷಾ ಅದ. ಹೋತಂದ್ರ ನೌಕರಿ ಹೋತು."

ದಿನಾ ಪಾಟಿಯ ಮೇಲೆ ಒಂದೊಂದು ಮಾತು ಬರೆದು ಕಳಿಸುತ್ತೇನೆ ಎಂದು ಹೇಳಿದರು. ಪಾಟಿಯ ಮೇಲೆ ಬರೆದರೆ ಅಳಿಸಿಹೋಗುತ್ತದೆ, ಮಗಳು ಓದಿದ್ದು ಸರಿಯೋ ತಪ್ಪೋ ತನಗೆ ತಿಳಿಯುವುದಿಲ್ಲ ಎಂದು ಶಿವಕಾಂತಮ್ಮನೇ ಹೇಳಿದಳು. ಖಣಿಯಲ್ಲಿ ಬಿಸಾಡಿದ, ನೆಲಕ್ಕೆ ಹಾಸುವ ಫರಸಿಕಲ್ಲಿನ ಚೂರುಗಳನ್ನು ಉಡಿಯಲ್ಲಿ ಕಟ್ಟಿಕೊಂಡು ಬಂದಳು. ಮಾಸ್ತರರು ಒಂದೊಂದು ಚೂರಿನ ಮೇಲೆ ಮೊಳೆಯಿಂದ ಒಂದೊಂದು ಮಾತು ಗೀರಿದರು. ಕೊಡ, ಮೊರ, ಸರ, ಒಲೆ, ಹೀಗೆ ಮನೆಯಲ್ಲಿ ಕಣ್ಣಿಗೆ ಬೀಳುವ ಸಾಮಾನುಗಳೇ. ಯಾವ ಕಲ್ಲಿನಲ್ಲಿ ಏನಿದೆ ಎಂದು ಅವರು ಹೇಳಿದಂತೆ ಅವಳು ಕಲ್ಲಿನ ಅಂಚು ನೋಡಿ ನೆನಪಿಟ್ಟುಕೊಂಡಳು. ಮೂಲೆ ಮುರಿದದ್ದು ಮೊರ. ಕೆಂಪು ಗೆರೆ ಇರುವುದು ಕೊಡ.

ಅಂದಿನಿಂದ ಸಂಜೆ ಪಾಠ ಬೇರೆಯಾಯಿತು. ತಾಯಿ ಒಂದು ಕಲ್ಲು ತೋರಿಸಬೇಕು, ಮಗಳು ಓದಿ ಆ ಸಾಮಾನು ಮುಟ್ಟಬೇಕು. ಮೊದಮೊದಲು ಸಾಬಮ್ಮ ಒಲೆಯ ಕಲ್ಲು ತೋರಿಸಿದರೆ ಮೊರದ ಕಡೆ ಹೋದಳು. ಕೆಲವು ದಿನಗಳಲ್ಲಿ ತಪ್ಪುವುದೇ ನಿಂತಿತು. ಶಿವಕಾಂತಮ್ಮನಿಗೆ ಮತ್ತೆ ನಿದ್ದೆ ಬರತೊಡಗಿತು.

"ಫರಸಿ ಓದಿ ಖಣಿಗಿ ಮಾಸ್ತರ್ತಿ ಆಗ್ತಾಳೇನು ನಿನ್ನ ಮಗಳು?" ಎಂದು ಭೀಮಮ್ಮ ಎಲೆ ಅಡಿಕೆ ಜಗಿಯುತ್ತ ಕೇಳಿದಳು.

"ಆದ್ರ ಆಗ್ಲಿ ಅತ್ಯಾ. ನಿಮಗೇ ಮೊದಲ ಕಲಸ್ತಾಳ."

ಶಿವರಾತ್ರಿಯ ಮರುದಿನ ಶಿವಕಾಂತಮ್ಮನ ಉಡಿಯಿಂದ ಒಂದು ಕಲ್ಲು ಜಾರಿ ನೆಲಕ್ಕೆ ಬಿತ್ತು, ಅಕ್ಷರ ಕೆಳಮುಖವಾಗಿ. ಸಾಬಮ್ಮ ಅದನ್ನು ಮಗುಚಲಿಲ್ಲ. ಓಡಿ ಹೋಗಿ ಮೊರ ತಂದಿಟ್ಟಳು.

ಶಿವಕಾಂತಮ್ಮ ಮೊರವನ್ನೂ ಮಗಳನ್ನೂ ನೋಡಿದಳು. ಅಕ್ಷರ ನೋಡದೆ ಹೇಗೆ ತಿಳಿಯಿತೆಂದು ಕೇಳಿದಾಗ ಸಾಬಮ್ಮ ಹೆಮ್ಮೆಯಿಂದಲೇ ಹೇಳಿದಳು.

"ಮೂಲಿ ಮುರದದಲ್ಲ ಯವ್ವಾ. ನೀನೂ ಹಾಂಗೇ ಗುರ್ತು ಹಿಡೀತಿ."

ಮಗು ಕಳ್ಳಾಟ ಆಡಿರಲಿಲ್ಲ. ತಾಯಿ ಮಾಡಿದ್ದನ್ನೇ ಮಾಡಿತ್ತು. ಯುಗಾದಿ ಹತ್ತಿರ ಬರುತ್ತಿತ್ತು. ಐನಾಪುರದ ತೊಟ್ಟಿಲು ಕಿರ್‌ಕಿರ್ ಎನ್ನುವುದು ಇಲ್ಲಿಗೇ ಕೇಳಿಸಿದಂತಾಯಿತು.

ಶಿವಕಾಂತಮ್ಮ ಮೊಳೆ ಹುಡುಕಿ ತಂದು, ಹೊಸ್ತಿಲ ಒಳಗಿನ ದೊಡ್ಡ ಹಾಸುಗಲ್ಲಿನ ಮುಂದೆ ಕುಕ್ಕರಿಸಿದಳು. ಅದಕ್ಕೆ ಮುರಿದ ಮೂಲೆ ಇರಲಿಲ್ಲ, ಗೆರೆ ಇರಲಿಲ್ಲ. ಚೂರಿನ ಮೇಲಿದ್ದುದನ್ನು ಕಂಡಂತೆ ತಾನೇ ಗೀರತೊಡಗಿದಳು. ಗೆರೆ ಎತ್ತೆತ್ತಲೋ ಹೋಯಿತು. ಮೊರ ಗೀರಿದಳು, ಅದರ ಕೆಳಗೆ ಸರ ಗೀರಿದಳು. ಎರಡರ ಕೊನೆಗೂ ಕೈ ಒಂದೇ ರೀತಿ ತಿರುಗಿತು. ಗಕ್ಕನೆ ನಿಂತಳು.

"ಸಾಬವ್ವ, ಬಾ ಇಲ್ಲಿ. ಸರ ಅನ್ನು. ಸಾವಕಾಶ ಅನ್ನು. ಕಡೀಕ ಬಾಯಾಗ ಏನುಳೀತು?"

"ರ."

"ಮೊರ ಅನ್ನು."

ಹುಡುಗಿ ಅಂದಳು. ಕೆಳಗೆ ನೋಡಿದಳು. ಒಂದರ ಕೊನೆಗೆ ಬೆರಳಿಟ್ಟಳು, ಇನ್ನೊಂದರ ಕೊನೆಗೆ ಇಟ್ಟಳು. ಮತ್ತೆ ಮೊದಲನೆಯದಕ್ಕೆ ಬಂದಳು. ತಾಯಿ ಬಾಯಿ ಬಿಡಲಿಲ್ಲ. ಮಗಳು ತಡೆದಲ್ಲಿ ಕೂಗದೆ ಕಾಯುವುದನ್ನು ಅವಳು ಕಲಿತದ್ದು ಆ ಸಂಜೆ.

ಅಲ್ಲಿಂದ ಮುಂದೆ ಮಾಸ್ತರರು ದಿನಾ ಪಾಟಿಯ ಮೇಲೆ ಹೊಸ ಮಾತು ಬರೆದು, ಅದೇನೆಂದು ಹೇಳಿ ಕಳಿಸಿದರು. ತಾಯಿ ಮಗಳು ಅದನ್ನು ಹಾಸುಗಲ್ಲಿಗೆ ಇಳಿಸಿ, ಅಕ್ಷರ ಬಿಡಿಸಿ ಬಿಡಿಸಿ ಕೂಡಿಸಿದರು. ಕಲ್ಲು ತುಂಬಿದರೆ ಶಿವಕಾಂತಮ್ಮ ಉಸುಕು ಹಾಕಿ ತಿಕ್ಕುವಳು. ಸಾಬಮ್ಮನ ದನಿ ಈಗ ಎದುರು ಮನೆಗೆ ಕೇಳುತ್ತಿರಲಿಲ್ಲ. ಹುಡುಗಿಗೆ ಬಂದದ್ದೂ ಮರೆಯಿತು ಎಂದು ಭೀಮಮ್ಮ ಮಗನ ಕಿವಿಗೆ ಹಾಕಿದಳು. ಇಲ್ಲವೆನ್ನುವ ಧೈರ್ಯ ಶಿವಕಾಂತಮ್ಮನಿಗೂ ಇರಲಿಲ್ಲ.

ಸಾಹೇಬರು ಬಂದ ದಿನ ತಾಯಂದಿರು ಶಾಲೆಯ ಕಿಟಕಿಗೆ ಮುತ್ತಿಕೊಂಡರು. ಸಾಹೇಬರು ಮಕ್ಕಳ ಪುಸ್ತಕ ಮುಚ್ಚಿಸಿ, ಚೀಲದಿಂದ ತೆಳ್ಳನೆಯದೊಂದು ಪುಸ್ತಕ ತೆಗೆದರು. ಅದರಲ್ಲಿ ಚಿತ್ರವೇ ಇರಲಿಲ್ಲ. ಮೊದಲನೆಯ ಹುಡುಗ ಅದನ್ನು ಕೈಯಲ್ಲಿ ಹಿಡಿದು ಆಕಳ ಪಾಠವನ್ನು ಗಡಗಡನೆ ಹೇಳಿದ. ಸಾಹೇಬರು ಬೈಯಲಿಲ್ಲ, ಕೂಡು ಎಂದು ಕೈ ತೋರಿಸಿದರು. ಹೊರಗಿದ್ದ ತಾಯಂದಿರು ಅದನ್ನು ಮೆಚ್ಚುಗೆ ಎಂದುಕೊಂಡರು. ಶೌಕತ ಅಲಿ ಮಾಸ್ತರರ ಮುಖ ಬಿಳಿಚಿಕೊಂಡಿತ್ತು.

ಸಾಬಮ್ಮ ಎದ್ದು ನಿಂತಳು. ಪುಸ್ತಕ ತೆಗೆದುಕೊಂಡಳು. ಸುಮ್ಮನಾದಳು.

ಶಿವಕಾಂತಮ್ಮ ಕಿಟಕಿಯ ಸರಳು ಹಿಡಿದಳು. ಹೇಳಿಕೊಡೋಣವೆಂದರೆ ಅಲ್ಲಿ ಏನು ಬರೆದಿದೆಯೋ ಅವಳಿಗೂ ಗೊತ್ತಿಲ್ಲ. ಹುಡುಗಿಯ ತೋರುಬೆರಳು ಲಂಗದ ಮೇಲೆ ಮೆಲ್ಲಗೆ ತಿರುಗುತ್ತಿತ್ತು, ಮೊಳೆ ಹಿಡಿದ ಹಾಗೆ.

"ಮ... ರ. ಮರ. ಮರದ... ಕೆ... ಳ..."

"ತಡವರಿಸ್ತಾಳಲ್ಲ ಬೇ," ಎಂದು ಪಕ್ಕದಲ್ಲಿದ್ದ ಅಮೃತಮ್ಮ ಮರುಕದಿಂದ ಪಿಸುಗುಟ್ಟಿದಳು. "ನಮ್ಮ ಹುಡುಗಿ ನೋಡು ಬೇಕಾರ, ಎಲ್ಲೀ ನಿಂದ್ರಂಗಿಲ್ಲ."

ಸಾಬಮ್ಮ ನಿಂತಳು, ತಿರುಗಿ ಹಿಡಿದಳು, ಮತ್ತೆ ನಿಂತಳು. ಅವಳು ನಿಂತಲ್ಲೆಲ್ಲ ಶಿವಕಾಂತಮ್ಮನ ಉಸಿರೂ ನಿಂತಿತು. ನಾಲ್ಕು ಸಾಲು ಮುಗಿದ ಮೇಲೆ ಸಾಹೇಬರು ಮರದ ಕೆಳಗೆ ಯಾರು ಮಲಗಿದ್ದರು ಎಂದು ಕೇಳಿದರು. ಕುರುಬ, ಎಂದಳು ಹುಡುಗಿ.

"ಎರಡನೇ ಇಯತ್ತೆಗೆ ಹೋಗಲಿ," ಎಂದರು ಸಾಹೇಬರು.

ಶಿವಕಾಂತಮ್ಮ ಹಿಡಿದ ಸರಳು ಬಿಟ್ಟಳು. ಕಣ್ಣಲ್ಲಿ ನೀರು ಬರುವ ಮೊದಲೇ ಒಳಗಿನಿಂದ ಇನ್ನೊಂದು ದನಿ ಕೇಳಿತು. ಅಮೃತಮ್ಮನ ಮಗಳು ಎದ್ದಿದ್ದಳು. ಅದರ ಕೊಂಬು, ಅದರ ಬಾಲ, ಅದು ಕೊಡುವ ಹಾಲು. ಎಲ್ಲೂ ನಿಲ್ಲದೆ ಹರಿಯುತ್ತಿತ್ತು ದನಿ. ಅಮೃತಮ್ಮ ಕಿಟಕಿಗೆ ಕೆನ್ನೆ ಹಚ್ಚಿ ನಗುತ್ತಿದ್ದಳು.

ಮಾಸ್ತರರ ನೌಕರಿ ಹೋದೀತೆಂದು ಶಿವಕಾಂತಮ್ಮ ಇಷ್ಟು ದಿನ ಈ ಗುಟ್ಟನ್ನು ಯಾರಿಗೂ ಹೇಳಿರಲಿಲ್ಲ. ಅಮೃತಮ್ಮನ ಕೈ ಹಿಡಿದುಕೊಂಡಳು.

"ನಾಳಿ ಸಂಜಿಕಿ ಹುಡುಗೀನ ಕರ್ಕೊಂಡು ನಮ್ಮ ಮನಿಗಿ ಬಾ ಅಕ್ಕಾ," ಎಂದಳು.