ಪ್ಲಾಸ್ಟಿಕ್ ಬೈರಿಗೆ

ಚಳಿಗಾಲದಲ್ಲಿ ಹೆಪ್ಪುಗಟ್ಟುವ ಮಿನೆಸೋಟದ ನಮ್ಮ ಕೆರೆಯ ಮೇಲೆ ಒಂದು ಕಟ್ಟಳೆಯಿದೆ. ಗಾಳ ಹಾಕುವವರು ಮಂಜುಗಡ್ಡೆಯಲ್ಲಿ ತಮ್ಮ ತೂತು ತಾವೇ ಕೊರೆದುಕೊಳ್ಳಬೇಕು. ಇನ್ನೊಬ್ಬರು ಕೊರೆದ ತೂತಿನ ಮುಂದೆ ಕೂರುವುದೇನಿದ್ದರೂ ಮಕ್ಕಳು, ಕೈಲಾಗದವರು.

ನನ್ನ ತಮ್ಮ ಆರ್ವಿಡ್‌ಗೆ ಭುಜದ ಆಪರೇಷನ್ ಆಗಿತ್ತು. ಈ ಸಲ ಕೊರೆಯಲಾಗದಿದ್ದರೆ ಕೆರೆಯ ಕಡೆ ತಲೆಯೇ ಹಾಕುವುದಿಲ್ಲ ಎಂದಿದ್ದ. ಹೆಂಡತಿ ತೀರಿದ ಮೇಲೆ ಅವನು ಮನೆಯಿಂದ ಹೊರಬೀಳುತ್ತಿದ್ದದ್ದೇ ಮೀನಿಗಾಗಿ. ನನಗೆ ಹೆದರಿಕೆಯಾಯಿತು. ಬ್ಯಾಟರಿ ಡ್ರಿಲ್ಲಿಗೆ ಸಿಕ್ಕಿಸುವ ಹೊಸ ಬೈರಿಗೆ ತಂದೆ. ಸುರುಳಿಯೆಲ್ಲ ನಾರು ಬೆರೆಸಿದ ಗಟ್ಟಿ ಪ್ಲಾಸ್ಟಿಕ್, ತುದಿಯ ಅಲಗು ಮಾತ್ರ ಉಕ್ಕು. ಅವನನ್ನು ಕೆರೆಗೆ ಕರೆದೊಯ್ದು ತೋರಿಸಿದೆ.

“ಏನಕ್ಕ ಇದು, ಆಟದ ಸಾಮಾನಾ?”

“ನಿನ್ನ ಉಕ್ಕಿನ ಕೈಬೈರಿಗೆಯನ್ನೇ ತಿರುಗಿಸು. ಬೇಡ ಅಂದೋರ್ಯಾರು?”

ಹಟಕ್ಕೆ ಬಿದ್ದು ತಿರುಗಿಸಿದ. ಗೇಣುದ್ದ ಇಳಿಯುವಷ್ಟರಲ್ಲಿ ಮುಖ ಬಿಳಿಚಿಕೊಂಡಿತು. ಬಕೆಟ್ ಬೋರಲು ಹಾಕಿ ಕೂತುಬಿಟ್ಟ. ನನಗೆ ಸಮಾಧಾನ ಹೇಳಿ ಗೊತ್ತಿಲ್ಲ.

“ಜಂಭ ಇಳೀತಾ? ಏಳು, ಇದನ್ನ ಹಿಡಿ.”

ಬೈರಿಗೆ ತೂತಿನೊಳಗೆ ಜಾರದಂತೆ ತೊಡಿಸುವ ಅಗಲದ ತಟ್ಟೆಯನ್ನೂ ಕೊಟ್ಟೆ. “ಅಪ್ಪ ಯಾವತ್ತಾದ್ರೂ ತಟ್ಟೆ ಹಾಕಿದ್ನಾ?” ಎಂದು ಪಕ್ಕಕ್ಕೆಸೆದ. ಕೈಬೈರಿಗೆಯಾದರೆ ಹಿಡಿಕೆಯೇ ಅಡ್ಡ ನಿಲ್ಲುತ್ತದೆ, ತಟ್ಟೆ ಬೇಕಿಲ್ಲ. ಕೈಬೈರಿಗೆಯಲ್ಲೇ ಪಳಗಿದವರೆಲ್ಲ ಮಾಡುವ ತಪ್ಪು ಇದು.

ಹೊಸದು ಬೆಣ್ಣೆಗಿಳಿದ ಹಾಗೆ ಇಳಿಯಿತು. ನೀರು ಉಕ್ಕಿತು, ಅದೇ ಕ್ಷಣ ಡ್ರಿಲ್ಲಿನ ಹಿಡಿತ ಸಡಿಲವಾಗಿ ಬೈರಿಗೆ ಬುಳಕ್ಕನೆ ಮುಳುಗಿತು. ಆರ್ವಿಡ್ ಕೈಯಲ್ಲಿ ಖಾಲಿ ಡ್ರಿಲ್ಲು.

“ಹೋಯ್ತು,” ಎಂದ. “ಮುಗೀತಕ್ಕ. ಮನೆಗೆ ನಡಿ.”

ನಾನು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಕಾಲಡಿಯಲ್ಲಿ ಟಕ್ ಎಂದಿತು. ಹೊಸ ಮಂಜುಗಡ್ಡೆ, ಗಾಜಿನ ಹಾಗೆ ತಿಳಿ. ತೂತಿನಿಂದ ಮೊಳದಾಚೆ, ಬಿಳಿ ಸುರುಳಿ ಮಂಜುಗಡ್ಡೆಯ ತಳಕ್ಕೆ ತಲೆ ಒರಗಿಸಿ ತೇಲುತ್ತಿತ್ತು. ಉಕ್ಕಾಗಿದ್ದರೆ ಅಷ್ಟು ಹೊತ್ತಿಗೆ ಕೆಸರು ಸೇರಿರುತ್ತಿತ್ತು. ಆರ್ವಿಡ್ ಬೋರಲು ಮಲಗಿ, ಮೀನೆತ್ತುವ ಕೊಕ್ಕೆಯನ್ನು ತೂತಿನಲ್ಲಿ ತೂರಿಸಿ, ಅದನ್ನು ಎಳೆದುಕೊಂಡ. ಬಲಗೈಯಲ್ಲೇ ಎಳೆದ, ಆಪರೇಷನ್ ಆಗಿದ್ದ ಕೈಯಲ್ಲಿ.

ನಾನು ಹೇಳದೆಯೇ ತಟ್ಟೆ ಎತ್ತಿಕೊಂಡು ತೊಡಿಸಿದ. ಬಿಗಿ ಮಾಡಿದ. ನನ್ನ ತೂತು ಇನ್ನೂ ಆಗಿರಲಿಲ್ಲ. ಕೊಡು ಎಂದು ಕೈ ಚಾಚಿದೆ.

“ಕೂತ್ಕೋ. ನಿಂದೂ ನಾನೇ ಕೊರೀತೀನಿ.”

ಬುದ್ಧಿ ಬಂದಾಗಿನಿಂದ ನಾನು ಇನ್ನೊಬ್ಬರು ಕೊರೆದ ತೂತಿನ ಮುಂದೆ ಕೂತವಳಲ್ಲ. ಬಕೆಟ್ ಎಳೆದುಕೊಂಡು ಕೂತೆ.